ವಿ-ಕ್ರಾಸ್‌ಗೆ ಎರಡು ಇಂಚು ಲಿಫ್ಟ್: ಅಂಗಳದಲ್ಲೇ ಹಾಕಬಹುದಾ, ಗ್ಯಾರೇಜಿಗೇ ಬಿಡಬೇಕಾ?

ತೋಟದಮನೆ ಕೆಎ31:
ನಮಸ್ಕಾರ. ಶಿರಸಿಯಿಂದ ಒಳಗೆ, ಡಾಂಬರು ಮುಗಿದ ಮೇಲೂ ಸುಮಾರು ದೂರ ಹೋಗಬೇಕಾದ ಮನೆ ನಮ್ಮದು. ಗಾಡಿ 2018ರ ಇಸುಜು ವಿ-ಕ್ರಾಸ್ ಪಿಕಪ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತೋಟಕ್ಕೆ ಗೊಬ್ಬರ, ಟಿಎಸ್‌ಎಸ್ ಸೊಸೈಟಿಗೆ ಅಡಿಕೆ, ಮದುವೆ ಮುಂಜಿಗೆ ಮನೆಮಂದಿ, ಎಲ್ಲ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಮನೆ ದಾರಿಯ ಎರಡೂ ಬದಿ ಗಾಲಿಯ ಜಾಡು ಕೊರೆದುಹೋಗಿ ನಡುವೆ ದಿಬ್ಬ ಎದ್ದಿದೆ. ಲೋಡ್ ಇದ್ದಾಗ ಅಡಿಯಲ್ಲಿ ಕೆರೆಯುವ ಸದ್ದು ಕೇಳಿದರೆ ಹೊಟ್ಟೆಯೊಳಗೇ ಕೆರೆದ ಹಾಗೆ ಆಗುತ್ತದೆ.

ಗಾಡಿಯನ್ನು ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್ ನೋಡಿದ್ದೇನೆ. ಮುಂದಕ್ಕೆ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್, ಹಿಂದಕ್ಕೆ ಬ್ಲೇಡ್ (ಪಟ್ಟಿ ಸ್ಪ್ರಿಂಗ್) ಸೆಟ್. ಕಿಟ್ಟಿಗೇ ಲಕ್ಷ ದಾಟುತ್ತದೆ. ಫಿಟ್ಟಿಂಗಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು, ಅದರ ಖರ್ಚು ಬೇರೆ. ಅಪ್ಪನ ಕಾಲದ ಕಮಾಂಡರ್ ಜೀಪಿನ ನಾಲ್ಕೂ ಬ್ಲೇಡ್ ಬಿಚ್ಚಿ ಹಾಕಿದ ಕೈ ಇದು. ಪಂಪ್‌ಸೆಟ್, ಟಿಲ್ಲರ್ ರಿಪೇರಿ ಎಲ್ಲ ನಾನೇ. ಇದನ್ನೂ ಮನೆಯಲ್ಲೇ ಮಾಡಿದರೆ ಹೇಗೆ? ಮಾಡಿದವರು ಇದ್ದರೆ ಹೇಳಿ.

ಯಲ್ಲಾಪುರದ ಪೋರ:
ಮಾಡಿ ಅಣ್ಣ, ಹೆದರೋದೇನಿದೆ! ಇದೇ ಗಾಡಿ ಹೊರದೇಶದಲ್ಲಿ ಡಿ-ಮ್ಯಾಕ್ಸ್ ಅಂತ ಓಡತ್ತೆ. ಆಸ್ಟ್ರೇಲಿಯಾದಲ್ಲಿ ಜನ ಮನೆ ಶೆಡ್ಡಲ್ಲೇ ಲಿಫ್ಟ್ ಹಾಕ್ಕೊಳ್ತಾರೆ, ವಿಡಿಯೋ ಬೇಕಾದಷ್ಟಿದೆ. ಟ್ರಾಲಿ ಜಾಕು, ಸ್ಟ್ಯಾಂಡು, ಅಳತೆಗೆ ಬಿಗಿಯೋ ಟಾರ್ಕ್ ರೆಂಚು, ಸ್ಪ್ರಿಂಗ್ ಒತ್ತಿ ಹಿಡಿಯೋ ಒಂದು ಕಂಪ್ರೆಸರ್. ಕಂಪ್ರೆಸರ್ ಆನ್‌ಲೈನಲ್ಲಿ ಅಗ್ಗಕ್ಕೇ ಸಿಗತ್ತೆ. ಎರಡು ಜನ ಇದ್ರೆ ವೀಕೆಂಡಲ್ಲಿ ಮುಗೀತು. ಉಳಿದ ದುಡ್ಡಲ್ಲಿ ಮಣ್ಣಿಗೂ ಡಾಂಬರಿಗೂ ಆಗೋ ಎಟಿ ಟೈರ್ ಹಾಕಿಸಿ.

ಹೈವೇ ಮೇಸ್ತ್ರಿ, ಅಂಕೋಲಾ:
ಅಗ್ಗದ ಕಂಪ್ರೆಸರ್ ಅಂದದ್ದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ.

ಹೆಗಡೆರೋ ಭಟ್ಟರೋ ಗೊತ್ತಿಲ್ಲ, ಬೇಜಾರು ಮಾಡಬೇಡಿ. ಕಮಾಂಡರ್ ಜೀಪು ಬಿಚ್ಚಿದ ಕೈ ಅಂದರೆ ಒಳ್ಳೆಯ ಕೈಯೇ. ಆದರೆ ಕಮಾಂಡರ್‌ಗೆ ಮುಂದೆಯೂ ಬ್ಲೇಡು, ಹಿಂದೆಯೂ ಬ್ಲೇಡು. ವಿ-ಕ್ರಾಸ್‌ಗೆ ಹಿಂದೆ ಮಾತ್ರ ಬ್ಲೇಡು. ಮುಂದೆ ಶಾಕಿನ ಸುತ್ತ ಕಾಯಿಲ್ ಸ್ಪ್ರಿಂಗ್ ಕೂತಿರುತ್ತದೆ, ಮೇಲೆ ಒಂದು ಟಾಪ್ ಮೌಂಟ್, ನಡುವೆ ಒಂದೇ ಒಂದು ನಟ್. ಆ ಸ್ಪ್ರಿಂಗನ್ನು ಒತ್ತಿ ಗಿಡ್ಡ ಮಾಡಿಯೇ ಒಳಗೆ ಕೂರಿಸಿರುತ್ತಾರೆ. ಗಾಡಿಯಿಂದ ಬಿಚ್ಚಿ ಬೆಂಚಿನ ಮೇಲೆ ಇಟ್ಟರೂ ಆ ಒತ್ತಡ ಹಾಗೇ ಇರುತ್ತದೆ. ಕಂಪ್ರೆಸರ್ ಸರಿಯಾಗಿ ಹಿಡಿಯದೆ ಆ ನಟ್ ಬಿಚ್ಚಿದರೆ ಮೌಂಟ್ ಹಾರುತ್ತದೆ. ಎದುರಿಗೆ ಮುಖ ಇದ್ದರೆ ಮುಖ, ಎದೆ ಇದ್ದರೆ ಎದೆ.

ಅಗ್ಗದ ಕಂಪ್ರೆಸರ್ ಅಂದರೆ ಎರಡು ಉದ್ದ ಬೋಲ್ಟು, ಎರಡು ಜೊತೆ ಕೊಕ್ಕೆ. ಕಾರಿನ ತೆಳು ಸ್ಪ್ರಿಂಗಿಗೆ ಹೇಗೋ ನಡೆಯುತ್ತದೆ. ಲಿಫ್ಟ್ ಕಿಟ್ಟಿನ ಸ್ಪ್ರಿಂಗು ಕಂಪನಿಯದಕ್ಕಿಂತ ದಪ್ಪ, ಉದ್ದವೂ ಹೆಚ್ಚು, ಅಂದರೆ ಇನ್ನೂ ಜಾಸ್ತಿ ಒತ್ತಬೇಕು. ಒಂದು ಬದಿಯ ಬೋಲ್ಟ್ ಎರಡು ಸುತ್ತು ಹೆಚ್ಚು ತಿರುಗಿತೋ, ಸ್ಪ್ರಿಂಗು ಬಾಳೆಕಾಯಿಯಂತೆ ಬಾಗಿ ಕೊಕ್ಕೆ ಜಾರುತ್ತದೆ. ನಾನು ಹುಡುಗನಾಗಿ ಕೆಲಸ ಕಲಿತ ಗ್ಯಾರೇಜಿನಲ್ಲಿ ಹೀಗೆ ಜಾರಿದ ಸ್ಪ್ರಿಂಗು ಮೇಲಿನ ತಗಡನ್ನು ತೂತು ಮಾಡಿತ್ತು. ಮಳೆಗಾಲದಲ್ಲಿ ಆ ತೂತಿನ ಕೆಳಗೆ ಒಂದು ಡಬ್ಬ ಇಡುತ್ತಿದ್ದೆವು.

ಹಿಂದಿನ ಬ್ಲೇಡ್ ಕೆಲಸ ನೀವು ಮಾಡಬಹುದು. ಮುಂದಿನ ಸ್ಪ್ರಿಂಗ್ ಬದಲಿಸುವುದು ಅಂಗಳದ ಕೆಲಸ ಅಲ್ಲ. ಇಷ್ಟೇ ನನ್ನ ಮಾತು.

ಕೋಡಿಬಾಗ ಥಾರ್:
ಕಾರವಾರದಿಂದ. ನನ್ನದು ಹಳೇ ಥಾರ್ ಸಿಆರ್‌ಡಿಇ. ಮುಂದೆ ಎತ್ತಿದ್ದು ಬರೀ ಒಂದು ಪಾನಾದಲ್ಲಿ. ಅದರಲ್ಲಿ ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಸರಳು, ಟಾರ್ಶನ್ ಬಾರ್. ಅದರ ಅಡ್ಜಸ್ಟ್ ಬೋಲ್ಟ್ ತಿರುಗಿಸಿದೆ, ಮೇಲೆ ಬಂತು, ಖರ್ಚು ಸೊನ್ನೆ. ಹಿಂದೆ ಬ್ಲೇಡಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಉದ್ದದ್ದು ಹಾಕಿಸಿದೆ. ಇಷ್ಟಕ್ಕೆ ಲಕ್ಷ ಯಾಕೆ ಮಾರಾಯ್ರೇ?

ಹೈವೇ ಮೇಸ್ತ್ರಿ, ಅಂಕೋಲಾ:
ನಿಮ್ಮದಕ್ಕೆ ಟಾರ್ಶನ್ ಬಾರ್ ಇದೆ, ಅವರದಕ್ಕೆ ಕಾಯಿಲು. ತಿರುಗಿಸಲು ಅಲ್ಲಿ ಏನೂ ಇಲ್ಲ. ನಿಮ್ಮದೂ ಪೂರ್ತಿ ಪುಕ್ಕಟೆ ಅಲ್ಲ. ಬಾರ್ ಬಿಗಿ ಮಾಡಿದಷ್ಟೂ ಚಕ್ರ ಕೆಳಗೆ ಇಳಿಯುವ ಜಾಗ ಕಮ್ಮಿಯಾಗುತ್ತದೆ, ಹೊಂಡದಲ್ಲಿ ಧಡ್ ಅನ್ನುತ್ತದೆ, ಡ್ರೈವ್ ಶಾಫ್ಟಿನ ಕೋನ ಹೆಚ್ಚಾಗಿ ಅದರ ಬೂಟ್ (ಗ್ರೀಸ್ ಹಿಡಿದಿಡುವ ರಬ್ಬರ್ ಚೀಲ) ಹರಿಯುತ್ತದೆ. ಬೂಟ್ ಒಮ್ಮೆ ನೋಡಿಸಿಕೊಳ್ಳಿ. ಶ್ಯಾಕಲ್ ಲೆಕ್ಕವೂ ಬೇರೆ: ಎರಡು ಇಂಚು ಉದ್ದ ಮಾಡಿದರೆ ಗಾಡಿ ಮೇಲೆ ಬರುವುದು ಒಂದೇ ಇಂಚು.

ಸಿದ್ದಾಪುರದ ಅಕ್ಕ:
ನಮ್ಮನೆಯಲ್ಲೂ ಪಿಕಪ್ ಇದೆ, ಹೆಚ್ಚಾಗಿ ಓಡಿಸುವುದು ನಾನೇ. ಯಾರೂ ಕೇಳದ ಒಂದು ವಿಷಯ ಕೇಳುತ್ತೇನೆ. ಗಾಡಿ ಎರಡು ಇಂಚು ಮೇಲೆ ಹೋದರೆ ಹಿಂದಿನ ಡಾಲಾವೂ ಎರಡು ಇಂಚು ಮೇಲೆ. ಅಡಿಕೆ ಚೀಲ ಎತ್ತುವವರ ಸೊಂಟದ ಕಥೆ ಏನು? ನಿಮ್ಮ ಆಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಹತ್ತಿಸುವುದು ಹೇಗೆ? ನನ್ನ ಅತ್ತೆ ಈಗಲೇ ಸ್ಟೂಲ್ ಇಟ್ಟರೆ ಮಾತ್ರ ಹತ್ತುತ್ತಾರೆ.

ಕೆರೆಯುವುದು ಯಾವ ಭಾಗ ಅಂತ ಅಡಿಗೆ ಬಗ್ಗಿ ನೋಡಿದ್ದೀರಾ, ಅಥವಾ ಸದ್ದು ಕೇಳಿಯೇ ಕಿಟ್ ಹುಡುಕಲು ಕೂತಿರಾ? ಚಂದಕ್ಕೆ ಬೇಕು ಅಂದರೆ ಹಾಗೇ ಹೇಳಿ. ಚಂದಕ್ಕೆ ಖರ್ಚು ಮಾಡುವುದು ತಪ್ಪೇನಲ್ಲ. ನಾವೂ ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ತಗೊಳ್ಳುತ್ತೇವಲ್ಲ.

ತೋಟದಮನೆ ಕೆಎ31:
ಅಕ್ಕ, ಅರ್ಧ ಚಂದಕ್ಕೂ ಹೌದು, ಸುಳ್ಳು ಹೇಳುವುದಿಲ್ಲ 😀 ಆದರೆ ಕೆರೆಯುವುದೂ ಸುಳ್ಳಲ್ಲ. ಯಾವ ಭಾಗ ಅಂತ ಸರಿಯಾಗಿ ನೋಡಿಲ್ಲ. ನಡುವಿನ ಹೊಟ್ಟೆ ಇರಬೇಕು ಅಂದುಕೊಂಡಿದ್ದೆ.

ಹೈವೇ ಮೇಸ್ತ್ರಿ, ಅಂಕೋಲಾ:
ಅಕ್ಕನ ಪ್ರಶ್ನೆಯೇ ಮೊದಲ ಪ್ರಶ್ನೆ. ಗಿರಾಕಿಗಳಿಗೆ ನಾನು ಹೇಳುವುದೂ ಇದನ್ನೇ, ಅರ್ಧ ಜನ ಅಲ್ಲೇ ಎದ್ದು ಹೋಗುತ್ತಾರೆ.

ಲಿಫ್ಟ್ ಹಾಕಿದರೆ ಚಾಸಿ ಮೇಲೆ ಹೋಗುತ್ತದೆ, ಬಾಡಿ ಮೇಲೆ ಹೋಗುತ್ತದೆ, ಬಂಪರ್, ಸೈಡ್ ಸ್ಟೆಪ್, ಟ್ರಾನ್ಸ್‌ಫರ್ ಕೇಸ್ ಎಲ್ಲ ಮೇಲೆ ಹೋಗುತ್ತವೆ. ಹಿಂದಿನ ಆ್ಯಕ್ಸಲ್ ಮಾತ್ರ ಒಂದು ಕೂದಲೂ ಮೇಲೆ ಹೋಗುವುದಿಲ್ಲ. ಅದು ಎರಡು ಚಕ್ರಗಳ ನಡುವೆ ಕೂತ ಗಟ್ಟಿ ಆ್ಯಕ್ಸಲ್. ಅದರ ನಡುವಿನ ಗುಂಡಗಿನ ಹೌಸಿಂಗು ನೆಲದಿಂದ ಎಷ್ಟು ಎತ್ತರ ಅನ್ನುವುದು ಟೈರಿಗೆ ಬಿಟ್ಟದ್ದು. ಟೈರಿನ ವ್ಯಾಸ ಒಂದು ಇಂಚು ದೊಡ್ಡದಾದರೆ ಹೌಸಿಂಗ್ ಅರ್ಧ ಇಂಚು ಏಳುತ್ತದೆ. ಎರಡು ಇಂಚಿನ ಲಿಫ್ಟ್ ಹಾಕಲಿ, ಆರು ಇಂಚಿನದು ಹಾಕಲಿ, ಹೌಸಿಂಗ್ ಇದ್ದಲ್ಲೇ. ದಾರಿಯ ನಡುವಿನ ದಿಬ್ಬಕ್ಕೆ ತಾಗುವುದು ಹೌಸಿಂಗೇ ಆದರೆ ಲಕ್ಷದ ಕಿಟ್ ಹಾಕಿದ ಮರುದಿನವೂ ಅದೇ ಸದ್ದು.

ಆದರೆ ವಿ-ಕ್ರಾಸ್ ಉದ್ದದ ಗಾಡಿ, ಎರಡು ಆ್ಯಕ್ಸಲ್ ನಡುವೆ ಮೂರು ಮೀಟರ್ ಮೇಲಿದೆ. ಹಳ್ಳ ದಾಟಿ ಏರುವಲ್ಲಿ ಹೊಟ್ಟೆ ತಾಗುತ್ತಿದ್ದರೆ ಲಿಫ್ಟಿನಿಂದ ಪ್ರಯೋಜನ ಖಂಡಿತ ಇದೆ.

ಪತ್ತೆ ಮಾಡುವುದು ಸುಲಭ. ತೋಟದವರ ಮನೆಯಲ್ಲಿ ಸುಣ್ಣ ಇಲ್ಲದೆ ಇರುತ್ತದಾ? ಬೋರ್ಡೋ ದ್ರಾವಣಕ್ಕೆ ತಂದದ್ದು ಉಳಿದಿದ್ದರೆ ದಪ್ಪಗೆ ಕಲಸಿ ಅಡಿಯ ತಗ್ಗಿನ ಭಾಗಗಳಿಗೆಲ್ಲ ಬಳಿಯಿರಿ, ಒಣಗಲಿ. ಮಾಮೂಲಿ ಲೋಡ್ ಹಾಕಿ ಮಾಮೂಲಿ ದಾರಿಯಲ್ಲಿ ಹೋಗಿ ಬನ್ನಿ. ಎಲ್ಲಿ ಸುಣ್ಣ ಹೋಗಿದೆಯೋ ಅಲ್ಲಿ ತಾಗಿದೆ. ಹಾಗೇ ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿಗೆ ಟೇಪ್ ಹಿಡಿಯಿರಿ, ಖಾಲಿಯಲ್ಲೊಮ್ಮೆ, ಲೋಡಿನಲ್ಲೊಮ್ಮೆ.

ಕರಿಕೋಟು ಹೊನ್ನಾವರ:
ಯಾರೂ ಎತ್ತದ ವಿಷಯ ನಾನು ಎತ್ತುತ್ತೇನೆ, ಬೈದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ತಯಾರಕರು ಕೊಟ್ಟ ಮೂಲ ನಿರ್ದಿಷ್ಟತೆಗೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು. ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಅದರ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ.

ಚೆಕ್‌ಪೋಸ್ಟಿನಲ್ಲಿ ಟೇಪ್ ಹಿಡಿದು ಅಳೆಯುವವರು ಕಮ್ಮಿ, ಒಪ್ಪುತ್ತೇನೆ. ನನ್ನ ಚಿಂತೆ ಅದಲ್ಲ, ಇನ್ಶೂರೆನ್ಸು. ಘಟ್ಟದಲ್ಲಿ ಪಲ್ಟಿಯಾಗಿ ಸರ್ವೇಯರ್ ಬಂದರೆ ಅಂತ ಯೋಚಿಸಿ. ಮೊದಲು ಫೋಟೋ ತೆಗೆಯುವುದು ಆ ಹೊಳೆಯುವ ಹೊಸ ಸ್ಪ್ರಿಂಗಿನದೇ. ಕ್ಲೇಮು ತಳ್ಳಿಹಾಕಲು ಅವರಿಗೆ ನೆಪ ನೀವೇ ಕೊಟ್ಟ ಹಾಗೆ. ಹಾಕುವುದೇ ಆದರೆ ಮೊದಲು ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸಿನವರಿಗೂ ಬರಹದಲ್ಲಿ ತಿಳಿಸಿ.

ಯಲ್ಲಾಪುರದ ಪೋರ:
ವಕೀಲರೇ, ಹಾಗಾದ್ರೆ ಬೆಂಗಳೂರಲ್ಲಿ ಎತ್ತಿದ ಜೀಪುಗಳೆಲ್ಲಾ ಜೈಲಲ್ಲಿ ಇರಬೇಕಿತ್ತು.

ಕರಿಕೋಟು ಹೊನ್ನಾವರ:
ಹಿಡಿಯದೆ ಇದ್ದದ್ದಕ್ಕೂ ಕಾನೂನಿನಲ್ಲಿ ಇರುವುದಕ್ಕೂ ವ್ಯತ್ಯಾಸ ಇದೆ ತಮ್ಮಾ. ಆ ವ್ಯತ್ಯಾಸದಲ್ಲೇ ನಮ್ಮ ಊಟ.

ತೋಟದಮನೆ ಕೆಎ31:
ಮೇಸ್ತ್ರಿಗಳು ಹೇಳಿದ ಹಾಗೇ ಮಾಡಿದೆ. ಸುಣ್ಣ ಬಳಿದು, ಡಾಲಾದಲ್ಲಿ ಹತ್ತು ಚೀಲ ಡಿಎಪಿ ಇಟ್ಟುಕೊಂಡು ಪೇಟೆಯಿಂದ ಮನೆಗೆ ಬಂದೆ. ಅಂಗಳದಲ್ಲಿ ಗೋಣಿ ಹಾಸಿ ಅಡಿಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ.

ಹೊಟ್ಟೆಯ ಭಾಗದ ಸುಣ್ಣ ಹಾಗೇ ಇದೆ, ಒಂದು ಗೀರೂ ಇಲ್ಲ. ಸೈಡ್ ಸ್ಟೆಪ್ಪಿನದೂ ಇದೆ. ಹೌಸಿಂಗಿನ ಕೆಳಭಾಗದ ಸುಣ್ಣ ಅಂಗೈಯಗಲ ಪೂರ್ತಿ ಒರೆಸಿಹೋಗಿ ಲೋಹ ಮಿಂಚುತ್ತಿದೆ. ಹಿಂದಿನ ಟೋ ಹುಕ್ಕಿನ ತುದಿಯಲ್ಲಿ ಕೆಂಪು ಮಣ್ಣು ಮೆತ್ತಿದೆ. ಅದು ನಮ್ಮ ಮೋರಿ ದಾಟಿ ಏರುವಲ್ಲಿ ತಾಗಿದ್ದು. ಮುಂದಿನ ಬಂಪರಿಗೆ ಏನೂ ಆಗಿಲ್ಲ.

ಅಳತೆಯೂ ಹಿಡಿದೆ. ಮುಂದಿನ ಎರಡೂ ಬದಿ ಸಮ. ಹಿಂದೆ ಬಲಬದಿ ಎಡಕ್ಕಿಂತ ಸುಮಾರು ಮುಕ್ಕಾಲು ಇಂಚು ತಗ್ಗು. ಲೋಡ್ ಬಿದ್ದಾಗ ಬ್ಲೇಡಿನ ಕಮಾನು ನೆಟ್ಟಗಾಗಿದ್ದಲ್ಲ, ಉಲ್ಟಾ ತಿರುಗಿದೆ. ಹಿಂದಿನ ಮಾಲೀಕ ಏನು ಹೇರಿದ್ದನೋ ಆ ದೇವರಿಗೇ ಗೊತ್ತು.

ಹೈವೇ ಮೇಸ್ತ್ರಿ, ಅಂಕೋಲಾ:
ನಿಮಗೆ ಲಿಫ್ಟ್ ಬೇಡ ಮಾರಾಯ್ರೇ. ನಿಮ್ಮ ಗಾಡಿ ಕೂತುಹೋಗಿದೆ, ಅದನ್ನು ಅದರ ಮೊದಲಿನ ಎತ್ತರಕ್ಕೆ ತಂದರೆ ಟೋ ಹುಕ್ ತಾಗುವುದು ನಿಲ್ಲುತ್ತದೆ. ಹೌಸಿಂಗ್ ತಾಗುವುದಕ್ಕೆ ಔಷಧಿ ಗಾಡಿಯಲ್ಲಿ ಇಲ್ಲ, ದಾರಿಯಲ್ಲಿದೆ. ಜೆಸಿಬಿಯವನು ಊರಿಗೆ ಬಂದಾಗ ಆ ದಿಬ್ಬ ಕೆತ್ತಿಸಿ, ಜಾಡಿಗೆ ಚಿರೇಕಲ್ಲಿನ ಚೂರು ತುಂಬಿಸಿ.

ಮುಂದಿನದನ್ನು ಮುಟ್ಟಲೇ ಬೇಡಿ. ಮುಟ್ಟಿದರೆ ಬರೀ ಸ್ಪ್ರಿಂಗಿಗೆ ಮುಗಿಯುವುದಿಲ್ಲ. ಚಕ್ರ ಒಳಗೆ ಹೊರಗೆ ವಾಲುವ ಕ್ಯಾಂಬರ್, ಸ್ಟೇರಿಂಗ್ ತಿರುಗುವ ಅಕ್ಷ ಹಿಂದೆ ಮುಂದೆ ವಾಲುವ ಕ್ಯಾಸ್ಟರ್, ಎರಡೂ ಕದಲುತ್ತವೆ. ಕ್ಯಾಸ್ಟರ್ ಕಮ್ಮಿಯಾದರೆ ಹೈವೇಯಲ್ಲಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅತ್ತಿತ್ತ ಅಲೆಯುತ್ತದೆ. ಅಲೈನ್‌ಮೆಂಟ್ ಮಾಡುವಲ್ಲಿ ಬಹಳ ಕಡೆ ಬರೀ ಟೋ, ಅಂದರೆ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದನ್ನು, ಸೆಟ್ ಮಾಡಿ ಕಳಿಸುತ್ತಾರೆ. ಎರಡು ಇಂಚು ದಾಟಿದರೆ ಚಕ್ರವನ್ನು ಚಾಸಿಗೆ ಹಿಡಿಯುವ ಮೇಲಿನ ತೋಳು, ಕಂಟ್ರೋಲ್ ಆರ್ಮೂ ಬೇರೆಯದೇ ಬೇಕಾಗಬಹುದು. ಹೆಡ್‌ಲೈಟ್ ಮೇಲಕ್ಕೆ ಎದ್ದು ದೇವಿಮನೆ ಘಟ್ಟದಲ್ಲಿ ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ.

ಯಲ್ಲಾಪುರದ ಪೋರ:
ಮುಂದಕ್ಕೆ ಟಾಪ್ ಸ್ಪೇಸರ್ ಹಾಕಬಹುದಲ್ಲ ಮೇಸ್ತ್ರಿ? ಸ್ಪ್ರಿಂಗ್ ಒತ್ತೋ ತಲೆನೋವೇ ಇಲ್ಲ, ಮೌಂಟ್ ಮೇಲೆ ಕೂರಿಸಿ ಬೋಲ್ಟ್ ಹಾಕಿದ್ರಾಯ್ತು.

ಹೈವೇ ಮೇಸ್ತ್ರಿ, ಅಂಕೋಲಾ:
ಹಾಕಬಹುದು, ಅದರಲ್ಲಿ ಕಂಪ್ರೆಸರ್ ಅಪಾಯ ಇಲ್ಲ, ಆ ಮಾತು ಸರಿ. ಆದರೆ ಒಂದು ಇಂಚಿನ ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಹತ್ತಿರ ಎರಡು ಇಂಚು ಆಗುತ್ತದೆ, ಶಾಕು ಆರ್ಮಿನ ಒಳಭಾಗಕ್ಕೆ ಕೂತಿರುತ್ತದಲ್ಲ. ಚಕ್ರ ಪೂರ್ತಿ ಕೆಳಗೆ ಜೋತಾಗ ಬಾಲ್ ಜಾಯಿಂಟು, ಡ್ರೈವ್ ಶಾಫ್ಟು ಮಿತಿ ದಾಟುತ್ತವೆ. ಸುಣ್ಣ ಉಳಿದಿರುವ ಬಂಪರಿಗೆ ಇದೆಲ್ಲ ಯಾಕೆ?

ತೋಟದಮನೆ ಕೆಎ31:
ಸರಿ, ಮುಂದಿನದು ಬಿಟ್ಟೆ. ಹಿಂದಿನ ಬ್ಲೇಡ್ ನಾನೇ ಮಾಡುತ್ತೇನೆ. ಹಳೇ ಪಾಟಾ (ಬ್ಲೇಡ್) ಬಡಿಸಿ ಕಮಾನು ಏರಿಸುವುದಾ, ಒಂದು ಹೊಸ ಬ್ಲೇಡ್ ಸೇರಿಸುವುದಾ, ಪೂರ್ತಿ ಸೆಟ್ಟಾ? ಆ್ಯಕ್ಸಲ್ ಮತ್ತು ಬ್ಲೇಡಿನ ನಡುವೆ ಬ್ಲಾಕ್ ಇಡುವುದು ಸುಲಭ ಅಂತ ಒಬ್ಬರು ಹೇಳಿದರು.

ಹೈವೇ ಮೇಸ್ತ್ರಿ, ಅಂಕೋಲಾ:
ಬಡಿಸಿದ ಪಾಟಾ ಮತ್ತೆ ಕೂರುತ್ತದೆ. ಬ್ಲೇಡ್ ಸೇರಿಸಿದರೆ ಲೋಡಿನಲ್ಲಿ ಚೆಂದ, ಖಾಲಿಯಲ್ಲಿ ಕುದುರೆ ಸವಾರಿ, ಹಿಂದೆ ಕೂತವರು ಶಾಪ ಹಾಕುತ್ತಾರೆ. ಬ್ಲಾಕ್ ಇಟ್ಟರೆ ಎತ್ತರ ಸಿಗುತ್ತದೆ, ಆದರೆ ಸೋತ ಬ್ಲೇಡು ಸೋತೇ ಇರುತ್ತದೆ. ಒಂದರ ಮೇಲೊಂದು ಬ್ಲಾಕ್ ಅಂತೂ ಕನಸಿನಲ್ಲೂ ಬೇಡ. ಉಲ್ಟಾ ತಿರುಗಿದ ಕಮಾನಿಗೆ ಹೊಸ ಸೆಟ್ಟೇ ಸರಿ, ಕಂಪನಿಯ ಎತ್ತರದ್ದೇ. ವಕೀಲರಿಗೂ ಆಗ ಮಾತಾಡಲು ಏನೂ ಉಳಿಯುವುದಿಲ್ಲ. ಎರಡೂ ಬದಿ ಒಟ್ಟಿಗೇ ಬದಲಿಸಿ, ಬಲಗಡೆಯದು ಮಾತ್ರ ಅಲ್ಲ.

ಇನ್ನು ಕೆಲಸ. ಮಣ್ಣಿನ ಅಂಗಳದಲ್ಲಿ ಜಾಕ್ ಇಡಬೇಡಿ. ಅಡಿಕೆ ಒಣಗಿಸುವ ಸಿಮೆಂಟಿನ ಕಣ ಇದ್ದರೆ ಅಲ್ಲಿ. ಚಿರೇಕಲ್ಲು ಒಟ್ಟಿ ಅದರ ಮೇಲೆ ಗಾಡಿ ನಿಲ್ಲಿಸುವುದು ನಮ್ಮ ಜಿಲ್ಲೆಯ ದೊಡ್ಡ ಚಟ. ಆ ಕಲ್ಲು ಗೋಡೆಯಲ್ಲಿ ನೂರು ವರ್ಷ ನಿಲ್ಲುತ್ತದೆ, ಜಾಕಿನ ಏಟಿಗೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಎರಡು ತನ್ನಿ, ಹಿಂದಿನ ಬ್ಲೇಡಿನ ಮುಂದಿನ ಕೊಂಡಿಗಿಂತ ಸ್ವಲ್ಪ ಮುಂದೆ ಚಾಸಿಗೆ ಕೊಡಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ಅಡ್ಡೆ. ಆ್ಯಕ್ಸಲ್ ತೂಕ ಟ್ರಾಲಿ ಜಾಕಿನ ಮೇಲೆ ಇರಲಿ, ಬ್ರೇಕ್ ಹೋಸಿನ ಮೇಲೆ ನೇತಾಡಬಾರದು. ಒಂದು ಬದಿ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು ಬದಿ.

ಬ್ಲೇಡನ್ನು ಆ್ಯಕ್ಸಲಿಗೆ ಬಿಗಿಯುವ ಹಳೇ ಯು ಬೋಲ್ಟ್ ಮತ್ತೆ ಹಾಕಬೇಡಿ. ಅದು ಒಮ್ಮೆ ಎಳೆದು ಬಿಗಿದಾಗಲೇ ಹಿಗ್ಗಿರುತ್ತದೆ. ಹೊಸದನ್ನು ನಾಲ್ಕೂ ನಟ್ ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ, ಕೊನೆಯ ಬಿಗಿ ಸರ್ವಿಸ್ ಮ್ಯಾನ್ಯುವಲ್ ಹೇಳಿದ ಟಾರ್ಕಿಗೆ. ಬುಶ್ ಇರುವ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿಸಿ ಚಕ್ರದ ಮೇಲೆ ತೂಕ ಬಿದ್ದ ಮೇಲೆಯೇ ಪೂರ್ತಿ ಬಿಗಿ ಮಾಡಬೇಕು. ಗಾಳಿಯಲ್ಲಿರುವಾಗ ಬಿಗಿದರೆ ಬುಶ್ಶಿನ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೊಮ್ಮೆ ಟಾರ್ಕ್ ನೋಡಿ. ಇದನ್ನು ಮರೆಯುವವರೇ ಹೆಚ್ಚು.

ಇನ್ನೊಂದು, ಆ್ಯಕ್ಸಲಿನಿಂದ ಚಾಸಿಗೆ ಸಣ್ಣ ಸರಳೊಂದು ಹೋಗಿ ಬ್ರೇಕ್ ವಾಲ್ವಿಗೆ ಸೇರಿದೆಯಾ ಅಂತ ನೋಡಿಕೊಳ್ಳಿ. ಎಷ್ಟೋ ಪಿಕಪ್ಪಿನಲ್ಲಿ ಇರುತ್ತದೆ. ಲೋಡ್ ಬಿದ್ದು ಹಿಂದೆ ತಗ್ಗಿದರೆ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಬಿಡುವುದು ಅದರ ಕೆಲಸ. ಇದ್ದರೆ, ಬ್ಲೇಡ್ ಹಾಕಿದ ಮೇಲೆ ಆ ಸರಳಿನ ಅಳತೆ ಮ್ಯಾನ್ಯುವಲ್ಲಿನಂತೆ ಇದೆಯಾ ನೋಡಿ. ಬರೀ ಲಿಫ್ಟ್ ಹಾಕಿ ಇದನ್ನು ಬಿಟ್ಟವರ ಗಾಡಿ ಸದಾ ಖಾಲಿ ಇದೆ ಅಂತಲೇ ವಾಲ್ವ್ ತಿಳಿದಿರುತ್ತದೆ. ಲೋಡ್ ತುಂಬಿ ಘಟ್ಟ ಇಳಿಯುವಾಗ ಹಿಂದಿನ ಬ್ರೇಕ್ ಸಾಕಷ್ಟು ಹಿಡಿಯುವುದಿಲ್ಲ.

ಕೋಡಿಬಾಗ ಥಾರ್:
ಒಂದು ನನ್ನ ಕಡೆಯಿಂದ. ಹಿಂದಿನ ಮಾಲೀಕ ಕರಾವಳಿಯವನಾ? ಆಗಿದ್ದರೆ ಬ್ಲೇಡಿನ ಕಣ್ಣಿನ ಬೋಲ್ಟು ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ನಟ್ ಬರುತ್ತದೆ, ಬೋಲ್ಟ್ ಬರುವುದಿಲ್ಲ. ಇಲ್ಲಿ ಸಮುದ್ರದ ಗಾಳಿಗೆ ಎಲ್ಲರದ್ದೂ ಅದೇ ಗೋಳು. ತುಕ್ಕು ಬಿಡಿಸುವ ಎಣ್ಣೆ ಮುಂಚಿನ ದಿನದಿಂದಲೇ ಆಗಾಗ ಹೊಡೆಯುತ್ತಿರಿ. ಹೊಸ ಬೋಲ್ಟು, ಬುಶ್ಶು ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ, ಗ್ರೈಂಡರಿನಲ್ಲಿ ಕತ್ತರಿಸುವ ಪರಿಸ್ಥಿತಿ ಬಂದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಗ್ಯಾಸ್ ಕಟರ್ ಬೇಡ, ಪಕ್ಕದಲ್ಲೇ ಬ್ರೇಕ್ ಪೈಪು.

(ಬೂಟ್ ನೋಡಿದೆ ಮೇಸ್ತ್ರಿ. ಎಡಗಡೆ ಹರಿದಿದೆ. ಗ್ರೀಸ್ ಚಕ್ರದ ಒಳಗೆಲ್ಲ ಚಿಮ್ಮಿದೆ.)

ಯಲ್ಲಾಪುರದ ಪೋರ:
ಅಣ್ಣ, ಹೊಸ ಸೆಟ್ ಕೂರಿಸೋ ದಿನ ಹೇಳಿ, ನಾನು ಊರಿಗೆ ಬರೋದಿದೆ. ಕೈ ಕೊಡ್ತೀನಿ. ವಿಡಿಯೋ ಬೇರೆ, ಕೈ ಮಣ್ಣಾಗೋದು ಬೇರೆ.

ತೋಟದಮನೆ ಕೆಎ31:
ಬಾ ತಮ್ಮಾ, ಊಟಕ್ಕೆ ಆಯಿ ತಂಬುಳಿ ಮಾಡ್ತದೆ. ಬ್ಲೇಡ್ ಸೆಟ್, ಯು ಬೋಲ್ಟ್, ಬುಶ್ ಎಲ್ಲ ಹುಬ್ಬಳ್ಳಿಯಿಂದ ಬರಬೇಕು. ದಿಬ್ಬ ಕೆತ್ತಿಸಲು ಜೆಸಿಬಿಯವನಿಗೂ ಹೇಳಿ ಇಟ್ಟಿದ್ದೇನೆ, ಮೋರಿ ಹತ್ತಿರದ ಏರು ಕೂಡ ಸ್ವಲ್ಪ ಇಳಿಸಿಕೊಡುತ್ತಾನಂತೆ. ಈಗ ಟಾರ್ಕ್ ರೆಂಚ್ ಒಂದು ಬಾಕಿ. ಒಂದು ಕೆಲಸಕ್ಕೆ ಕೊಳ್ಳಲು ಮನಸ್ಸಿಲ್ಲ. ಶಿರಸಿ, ಸಿದ್ದಾಪುರ ಸುತ್ತ ಯಾರ ಹತ್ತಿರವಾದರೂ ದೊಡ್ಡದು ಇದೆಯಾ?

ಸಿದ್ದಾಪುರದ ಅಕ್ಕ:
ನಮ್ಮಲ್ಲಿದೆ, ಅರ್ಧ ಇಂಚಿನ ಚೌಕದ್ದು. ಭಾನುವಾರ ಶಿರಸಿಗೆ ಬರುವಾಗ ತಂದುಕೊಡುತ್ತೇನೆ. ಆದರೆ ಷರತ್ತು ಇದೆ. ಕೆಲಸ ಮುಗಿದ ಮೇಲೆ ಹಿಡಿಕೆ ತಿರುಗಿಸಿ ಕೆಳಗಿನ ಅಂಕಿಗೆ ಸಡಿಲ ಮಾಡಿಯೇ ಡಬ್ಬದಲ್ಲಿ ಇಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಸೋತು ಸುಳ್ಳು ಹೇಳಲು ಶುರು ಮಾಡುತ್ತದೆ. ಮತ್ತೆ ಅದರಲ್ಲಿ ನಟ್ ಬಿಚ್ಚಬೇಡಿ, ಬಿಗಿಯಲು ಮಾತ್ರ. ಹೋದ ಸಲ ಕೊಂಡುಹೋದವರು ಅದಕ್ಕೆ ಪೈಪು ಸಿಕ್ಕಿಸಿ ಟ್ರ್ಯಾಕ್ಟರಿನ ಚಕ್ರ ಬಿಚ್ಚಿದ್ದಾರೆ.